ಕೋಳಿ ಬೆಳೆಯೋದು ಹೇಗೆ?

ಅಕ್ಕಂದಿರೇ, ರಟ್ಟೀಹಳ್ಳಿ ಕಡೆ ನಾವು ಹಿತ್ತಲಲ್ಲಿ ಸಾಕೋದು ಜವಾರಿ ಕೋಳಿ. ಅದು ತಾನೇ ಕಾವು ಕೂತು ಮರಿ ಮಾಡ್ತದೆ. ಮೊಟ್ಟೆ ಮಾತ್ರ ಕಡಿಮೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಗಿರಿರಾಜ ತಳಿ ಕೊಟ್ಟಿತು. ಇದು ಬೇಗ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 130 ಮೊಟ್ಟೆ ಇಡುತ್ತದೆ. ಆದರೆ ಕಾವು ಕೂರೋದಿಲ್ಲ!

ತಳಿ ತಂದರೆ ಸಾಕೇ? ಬರೀ ಗೋವಿನಜೋಳ ತಿಂದರೆ ಕೋಳಿಗೆ ಕೊಬ್ಬು ಬರುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಶೇಂಗಾ ಹಿಂಡಿಯನ್ನೂ ಕಲಸಬೇಕು.

ನಾವು ಮಾಡೋ ದೊಡ್ಡ ತಪ್ಪು ಒಂದಿದೆ. ಮಳೆಗೆ ನೆಂದು ಬೂಸ್ಟು ಹಿಡಿದ ಗೋವಿನಜೋಳವನ್ನು ಯಾರೂ ಕೊಳ್ಳೋದಿಲ್ಲ. ‘ಕೋಳಿಗಾದರೂ ಆಗಲಿ’ ಅಂತ ಸುರೀತೇವೆ. ಆ ಬೂಸ್ಟಿನಲ್ಲಿ ವಿಷ ಇರುತ್ತದೆ. ತೊಳೆದು ಒಣಗಿಸಿದರೂ ಹೋಗೋದಿಲ್ಲ. ಮರಿಗಳು ಸಾಯುತ್ತವೆ.

ಗೂಡು ಹಸಿ ಇದ್ದರೆ ರಕ್ತಭೇದಿ ಬರುತ್ತದೆ. ನೆಲಕ್ಕೆ ಭತ್ತದ ಹೊಟ್ಟು ಹರಡೋಣ. ಮರಿಗೆ ವಾರ ತುಂಬುವುದರೊಳಗೆ ಪಶು ಆಸ್ಪತ್ರೆಯಲ್ಲಿ ಕೊಕ್ಕರೆ ರೋಗದ ಲಸಿಕೆ ಕೇಳೋಣ.