ನೂರು ದಾಟಿದ ಹಿರಿಯರು, ವಿಜ್ಞಾನ ಮತ್ತು ನಮ್ಮ ಉಪವಾಸ

ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರ ಏಪ್ರಿಲ್ 19ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ ತುಂಬಿತ್ತು. ಐದು ವಾರ ಕಳೆದು, ಮೇ 26ರಂದು, ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು 103ನೇ ವಯಸ್ಸಿನಲ್ಲಿ ಅಗಲಿದರು. ವೆಂಕಟಸುಬ್ಬಯ್ಯನವರು ಬಸವನಗುಡಿಯ ವಿಜಯ ಕಾಲೇಜಿನ ಮೇಷ್ಟರು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದಶಕಗಳ ಕಾಲ ದುಡಿದವರು. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುವಾದಾಗಲೇ ಅವರಿಗೆ ಎಪ್ಪತ್ತೆಂಟರ ಹತ್ತಿರ. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ 97.

ಕೈಯಲ್ಲಿ ಕೆಲಸವಿತ್ತು, ಅದಕ್ಕೇ ಅಷ್ಟು ಕಾಲ ಬದುಕಿದರು ಎನ್ನುವವರಿದ್ದಾರೆ. ಆರೋಗ್ಯ ಗಟ್ಟಿಯಿತ್ತು, ಅದಕ್ಕೇ ಅಷ್ಟು ಕಾಲ ಕೆಲಸ ಮಾಡಿದರು ಎಂದೂ ಹೇಳಬಹುದು. ಎರಡರಲ್ಲಿ ಯಾವುದು ಕಾರಣ, ಯಾವುದು ಫಲ? ದೀರ್ಘಾಯುಷ್ಯದ ಸಂಶೋಧಕರ ದೊಡ್ಡ ತಲೆನೋವು ಇದೇ.

ಇನ್ನೊಂದು ತೊಡಕು ವಯಸ್ಸಿನದ್ದೇ. ಜಪಾನ್ ಸರ್ಕಾರ 2010ರಲ್ಲಿ ದಾಖಲೆ ತಾಳೆ ನೋಡಿದಾಗ, ಪುಸ್ತಕದಲ್ಲಿ ಬದುಕಿದ್ದ ಶತಾಯುಷಿಗಳ ಪೈಕಿ 2.3 ಲಕ್ಷಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲೂ ಹಳೆಯ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನವೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಬರೆದದ್ದು. ಆದ್ದರಿಂದ ಯಾವುದೋ ಊರಿನಲ್ಲಿ ಎಲ್ಲರೂ 120 ವರ್ಷ ಬದುಕುತ್ತಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಬಂದರೆ ಮೊದಲು ದಾಖಲೆ ಕೇಳಬೇಕು. ದಾಖಲೆ ಖಚಿತವಿರುವವರಲ್ಲಿ ಅತಿ ಹೆಚ್ಚು ಕಾಲ ಬದುಕಿದವರು ಫ್ರಾನ್ಸಿನ ಜೀನ್ ಕಾಲ್ಮಾ. 1997ರಲ್ಲಿ ತೀರಿಕೊಂಡಾಗ 122 ವರ್ಷ.

ಹಾಗಾದರೆ ನಂಬಬಹುದಾದದ್ದು ಏನು? ಡೆನ್ಮಾರ್ಕಿನಲ್ಲಿ ಅವಳಿ ಮಕ್ಕಳ ಆಯುಷ್ಯವನ್ನು ಹೋಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಯುಷ್ಯದ ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು ಕಾಲು ಭಾಗ. ನೂರು ದಾಟುವವರಲ್ಲಿ ಈ ಪಾಲು ಹೆಚ್ಚಿರುತ್ತದೆ. 2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು, ಒಟ್ಟುಗೂಡಿಸಿದರು. ನೆಂಟರು, ಗೆಳೆಯರು, ನೆರೆಹೊರೆಯವರೊಂದಿಗೆ ಗಟ್ಟಿ ಒಡನಾಟ ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇಂದು ಎಷ್ಟೋ ಕಡೆ ಉಳಿದಿರುವುದು ಗಂಡ ಹೆಂಡತಿ ಇಬ್ಬರೇ, ಇಲ್ಲವೇ ಒಬ್ಬರೇ. ಮಕ್ಕಳು ವೈಟ್‌ಫೀಲ್ಡಿನಲ್ಲೋ ವಿದೇಶದಲ್ಲೋ ಇರುತ್ತಾರೆ. ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನಲ್ಲೋ ಸ್ಯಾಂಕಿ ಕೆರೆಯ ಸುತ್ತಲೋ ನಾಲ್ಕು ಜನರೊಂದಿಗೆ ನಡೆಯುವುದು, ಬಸದಿಗೆ ಹೋಗಿ ಬರುವುದು ಬರೀ ಕಾಲಹರಣವಲ್ಲ.

ಇನ್ನು ಊಟದ ವಿಷಯ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ಸೂರ್ಯಾಸ್ತದೊಳಗೆ ಊಟ, ಪರ್ವದ ದಿನಗಳಲ್ಲಿ ಏಕಾಶನ, ಉಪವಾಸ ಇವೆಲ್ಲ ಜೈನ ಮನೆಗಳಿಗೆ ಹೊಸದಲ್ಲ. ಪೌಷ್ಟಿಕಾಂಶ ಕಡಿಮೆಯಾಗದಂತೆ ಆಹಾರ ತಗ್ಗಿಸಿದರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1935ರಲ್ಲೇ ತೋರಿಸಿದ್ದರು. ಮನುಷ್ಯರ ಮೇಲೆ ನಡೆದ ‘ಕ್ಯಾಲರಿ’ ಎಂಬ ಎರಡು ವರ್ಷದ ಪ್ರಯೋಗದಲ್ಲಿ ಶೇ 25ರಷ್ಟು ಆಹಾರ ತಗ್ಗಿಸುವ ಗುರಿಯಿತ್ತು, ಸಾಧ್ಯವಾದದ್ದು ಶೇ 12ರಷ್ಟು. ಅಷ್ಟಕ್ಕೇ ರಕ್ತದೊತ್ತಡ, ಕೊಲೆಸ್ಟರಾಲ್ ಸುಧಾರಿಸಿದವು.

‘ನಮ್ಮ ಆಚರಣೆಯನ್ನು ವಿಜ್ಞಾನ ಸಾಬೀತು ಮಾಡಿತು’ ಎಂದು ಭಾಷಣಗಳಲ್ಲಿ ಹೇಳುವುದುಂಟು. ಆ ಮಾತಿಗೆ ಸ್ವಲ್ಪ ತಡೆ ಬೇಕು. ಈ ಪ್ರಯೋಗದಲ್ಲಿ ಇದ್ದವರು 21ರಿಂದ 50 ವರ್ಷದೊಳಗಿನ ಆರೋಗ್ಯವಂತರು. ಅವರಲ್ಲೂ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯಿತು. ಇದರ ಫಲಿತಾಂಶವನ್ನು ಎಂಬತ್ತರ ಅಜ್ಜಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಮೇಲಾಗಿ ಜೈನರು ಉಪವಾಸ ಮಾಡುವುದು ಕರ್ಮನಿರ್ಜರೆಗೆ, ಆಯುಷ್ಯ ಹೆಚ್ಚಿಸಿಕೊಳ್ಳುವುದಕ್ಕಲ್ಲ. ಅದಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟ್ ಬೇಕಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಮಾತು ತೊದಲುವುದು ಇದರ ಲಕ್ಷಣ. ಇದನ್ನು ಉಪವಾಸದ ಆಯಾಸವೆಂದು ತಿಳಿದು ಮಲಗಿಸಿಬಿಡಬಾರದು. ಇನ್ನೊಂದು ಬಿ12. ಸಸ್ಯಾಹಾರಿಗಳಿಗೆ ಇದು ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ವಯಸ್ಸಾದಂತೆ ದೇಹ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯೂ ಅದನ್ನು ತಗ್ಗಿಸುತ್ತದೆ. ಪಾದ ಜೋಮು, ಮರೆವು ಬಂದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ಒಂದು ರಕ್ತಪರೀಕ್ಷೆ ಮಾಡಿಸಬೇಕು.

ಇಷ್ಟೆಲ್ಲ ಲೆಕ್ಕ ಹೆಚ್ಚಾಗಿ ಹೊರದೇಶದ ದೇಹಗಳದ್ದು. ಆ ಕೊರತೆ ತುಂಬುವ ಕೆಲಸ ಮಲ್ಲೇಶ್ವರದ ಪಕ್ಕದಲ್ಲೇ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ನಡೆದಿದೆ. ಅಲ್ಲಿನ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಜನರನ್ನು, ಬೆಂಗಳೂರಿನಲ್ಲಿ 1,000 ಜನರನ್ನು ವರ್ಷಗಳ ಕಾಲ ಪರೀಕ್ಷಿಸುತ್ತಾ ಹೋಗುವ ಗುರಿ ಇಟ್ಟುಕೊಂಡಿದೆ. ಸಂಸ್ಥೆಯ ‘ಲಾಂಜೆವಿಟಿ ಇಂಡಿಯಾ’ ಯೋಜನೆಯಡಿ ‘ಭಾರತ್’ ಅಧ್ಯಯನವೂ ಆರಂಭವಾಗಿದೆ. ಭಾರತೀಯರು ಆರೋಗ್ಯವಾಗಿ ಮುಪ್ಪಾಗುವುದೆಂದರೆ ರಕ್ತದಲ್ಲಿ ಏನೇನು ಎಷ್ಟಿರಬೇಕು ಎಂಬುದು ಅದರ ಹುಡುಕಾಟ. ಫಲಿತಾಂಶಕ್ಕೆ ವರ್ಷಗಳೇ ಬೇಕು.

ಅಲ್ಲಿಯವರೆಗೆ, ಭಾದ್ರಪದದ ದಶಲಕ್ಷಣ ಪರ್ವಕ್ಕೆ ಹದಿನೈದು ದಿನ ಮುಂಚೆ ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ, ಯಾವ ದಿನ ನಿರಾಹಾರ, ಯಾವ ದಿನ ಏಕಾಶನ ಎಂದು ಹೇಳಿ, ಮಾತ್ರೆಯ ಹೊತ್ತನ್ನು ಬರೆಸಿಕೊಂಡು ಬರಬಹುದು.