ಚಾಂಪಿಯನ್ನರ ಬೆನ್ನು ಹತ್ತುವವರು

ಮೋಟಾರ್‌ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ 1949ರಿಂದ ನಡೆದುಬಂದಿದೆ. ಅದರ ಮೇಲ್ದರ್ಜೆಗೆ 2002ರಿಂದ ಮೋಟೊಜಿಪಿ ಎಂದು ಹೆಸರು. ಈ ರೇಸ್ ಭಾರತಕ್ಕೆ ಬಂದದ್ದು ಒಂದೇ ಸಲ, 2023ರ ಸೆಪ್ಟೆಂಬರ್‌ನಲ್ಲಿ, ಗ್ರೇಟರ್ ನೊಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ. ದಕ್ಷಿಣ ದೆಹಲಿಯ ಹೌಜ್ ಖಾಸ್‌ನಿಂದ ಹೊರಟವರು ಐಐಟಿ ಎದುರಿನ ಹೊರವರ್ತುಲ ರಸ್ತೆ ಹಿಡಿದು, ಯಮುನೆ ದಾಟಿ, ನೊಯ್ಡಾ ಎಕ್ಸ್‌ಪ್ರೆಸ್‌ವೇ ಮುಗಿಸಿ ಆಗ್ರಾದ ದಿಕ್ಕಿಗೆ ತಿರುಗಿದರೆ ಎಡಬಲದ ಬಯಲಿನ ನಡುವೆ ಅದರ ಗ್ಯಾಲರಿ ಕಾಣಿಸಿಕೊಳ್ಳುತ್ತದೆ.  

ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸ ಮಾಡಿದ ಈ ಟ್ರ್ಯಾಕ್ 2011ರ ಅಕ್ಟೋಬರ್‌ನಲ್ಲಿ ತೆರೆಯಿತು. ಆಗ ಅದು ಕಾರುಗಳದ್ದು. 2011ರಿಂದ 2013ರವರೆಗೆ ಮೂರು ವರ್ಷ ಇಲ್ಲಿ ಫಾರ್ಮುಲಾ ಒನ್ ನಡೆಯಿತು, ಮೂರನ್ನೂ ಸೆಬಾಸ್ಟಿಯನ್ ವೆಟ್ಟಲ್ ಒಬ್ಬರೇ ಗೆದ್ದರು. ಆ ಬಳಿಕ ಹತ್ತು ವರ್ಷ ದೊಡ್ಡ ರೇಸ್ ಬರಲಿಲ್ಲ. ಮೋಟೊಜಿಪಿಗಾಗಿ 5.125 ಕಿಲೋಮೀಟರ್ ಉದ್ದದ ಟ್ರ್ಯಾಕನ್ನು ಕೊಂಚ ಬದಲಿಸಿ 4.96 ಕಿಲೋಮೀಟರ್, 13 ತಿರುವುಗಳಿಗೆ ಇಳಿಸಿದರು. ಮೂರನೇ ತಿರುವು ಕಳೆದ ಮೇಲೆ ಸಿಗುವ, ಒಂದು ಕಿಲೋಮೀಟರ್‌ಗೂ ಉದ್ದವಾದ ನೇರ ಹಾದಿಯೇ ಇಲ್ಲಿನ ಪ್ರಾಣ. ಅದರ ಕೊನೆಗೆ ಸವಾರ ಬೈಕಿನ ವೇಗವನ್ನು ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಕಳೆದುಕೊಂಡು ಬಲಕ್ಕೆ ಹೊರಳಬೇಕು. ಮುಂದಿರುವವನನ್ನು ಹಿಂದಿನವನು ಹಿಡಿಯುವ ಜಾಗವೂ ಅದೇ.

ಆ ಜಾಗದಲ್ಲಿ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೈಕಿನ ಕನಿಷ್ಠ ತೂಕ 157 ಕಿಲೋ, ಎಂಜಿನ್ 1000 ಸಿಸಿ. ಮುಂದಿನ ಚಕ್ರದ ಬ್ರೇಕ್ ಡಿಸ್ಕ್‌ಗಳು ಕಾರ್ಬನ್‌ನವು, ಕಾದ ಮೇಲೆಯೇ ಅವು ಹಿಡಿತ ಕೊಡುವುದು. ಬ್ರೇಕ್ ಬಿಗಿಯುತ್ತಿದ್ದಂತೆ ಭಾರವೆಲ್ಲ ಮುಂದಿನ ಟೈರಿನ ಮೇಲೆ ಬಿದ್ದು ಹಿಂದಿನ ಚಕ್ರ ನೆಲ ಬಿಡುವಷ್ಟು ಹಗುರಾಗುತ್ತದೆ. ಸವಾರ ಒಂದು ಕಾಲನ್ನು ಹೊರಕ್ಕೆ ಜೋತುಬಿಟ್ಟು, ಮೈಯನ್ನು ಸೀಟಿನ ಒಳಬದಿಗೆ ಸರಿಸಿ, ಬೈಕನ್ನು ಅರವತ್ತು ಡಿಗ್ರಿಗೂ ಹೆಚ್ಚು ವಾಲಿಸುತ್ತಾನೆ. ಮೊದಲು ಮಂಡಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ನೆಲ ಸವರುತ್ತದೆ, ಆಮೇಲೆ ಮೊಣಕೈ. ಟೈರ್ ನೆಲಕ್ಕೆ ತಾಗಿರುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಚಾಂಪಿಯನ್ ಯಾರು, ಬೆನ್ನು ಹತ್ತಿದವನು ಯಾರು ಎಂಬುದು ಬಹಳ ಸಲ ಅಂಗೈಯಷ್ಟು ಆ ಜಾಗದಲ್ಲೇ ತೀರ್ಮಾನವಾಗುತ್ತದೆ.

2023ರ ಸೆಪ್ಟೆಂಬರ್ 24ರ ಭಾನುವಾರ ಅದು ನಿಜವಾಯಿತು. ಆ ವರ್ಷ ಚಾಂಪಿಯನ್ ಪಟ್ಟದಲ್ಲಿದ್ದವರು ಇಟಲಿಯ ಫ್ರಾನ್ಸೆಸ್ಕೊ ಬನ್ಯಾಯಾ. ಡುಕಾಟಿಯ ಕಾರ್ಖಾನೆ ತಂಡದ ಸವಾರ, ಅಂಕಪಟ್ಟಿಯಲ್ಲೂ ಮುಂದೆ. ಆದರೆ ಮೊದಲ ಸ್ಥಾನದಿಂದ ರೇಸ್ ಆರಂಭಿಸಿದವರು ಮಾರ್ಕೊ ಬೆಜ್ಜೆಕ್ಕಿ. ಅವರ ಕೈಯಲ್ಲಿದ್ದದ್ದು ಹಿಂದಿನ ವರ್ಷದ ಡುಕಾಟಿ. ಹಿಂದಿನ ದಿನದ ಚಿಕ್ಕ ರೇಸಿನಲ್ಲಿ ಮೊದಲ ತಿರುವಿನಲ್ಲೇ ಡಿಕ್ಕಿಗೆ ಸಿಕ್ಕಿ ಕೊನೆಗೆ ತಳ್ಳಲ್ಪಟ್ಟು, ಅಲ್ಲಿಂದ ಐದನೇ ಸ್ಥಾನದವರೆಗೆ ಏರಿ ಬಂದಿದ್ದರು. ಭಾನುವಾರ ಬಿಸಿಲಿನ ಝಳ ಕಂಡು 24 ಲ್ಯಾಪ್‌ಗಳ ರೇಸನ್ನು 21ಕ್ಕೆ ಇಳಿಸಲಾಯಿತು. ಬೆಜ್ಜೆಕ್ಕಿ ಮುಂದೆ ಹೋದವರು ಹಿಂದಿರುಗಿ ನೋಡಲಿಲ್ಲ, ಎಂಟು ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಎರಡನೇ ಸ್ಥಾನಕ್ಕೇರಿದ್ದ ಬನ್ಯಾಯಾ ಬ್ರೇಕ್ ಹಿಡಿಯುವಾಗ ಮುಂದಿನ ಚಕ್ರ ಜಾರಿ ಬಿದ್ದು ಜಲ್ಲಿಯಲ್ಲಿ ಕುಳಿತರು. ಸ್ಪೇನಿನ ಹೋರ್ಹೆ ಮಾರ್ಟಿನ್ ಕೊನೆಯ ಲ್ಯಾಪ್‌ನಲ್ಲಿ ಫಾಬಿಯೊ ಕ್ವಾರ್ಟರಾರೊಗೆ ಜಾಗ ಬಿಟ್ಟುಕೊಟ್ಟು, ಮತ್ತೆ ಕಿತ್ತುಕೊಂಡು ಎರಡನೆಯವರಾದರು. ಬೈಕಿನಿಂದ ಇಳಿದಾಗ ಮೈಯ ನೀರೆಲ್ಲ ಬತ್ತಿ ನಿಲ್ಲಲಾಗದೆ ಕುಸಿದರು. ಬನ್ಯಾಯಾ ಮತ್ತು ಮಾರ್ಟಿನ್ ನಡುವಿನ ಅಂತರ ಅಂದು 13 ಅಂಕಕ್ಕೆ ಇಳಿಯಿತು.

ಅಂದು ಕೆಳದರ್ಜೆಗಳಲ್ಲಿ ಗೆದ್ದವರನ್ನೂ ಮರೆಯಬಾರದು. ಮೋಟೊ2 ಗೆದ್ದ ಪೆಡ್ರೊ ಅಕೋಸ್ಟಾಗೆ ಆಗ 19 ವರ್ಷ. ಮೋಟೊ3 ಗೆದ್ದವರು ಹೌಮೆ ಮಾಸಿಯಾ. ವರ್ಷದ ಕೊನೆಗೆ ಇಬ್ಬರೂ ತಮ್ಮ ತಮ್ಮ ದರ್ಜೆಯ ವಿಶ್ವ ಚಾಂಪಿಯನ್ನರಾದರು. ಬುದ್ಧ ಸರ್ಕ್ಯೂಟ್‌ನ ಪ್ರೇಕ್ಷಕರು ಒಂದೇ ದಿನ ಚಾಂಪಿಯನ್ ಬಿದ್ದದ್ದನ್ನೂ ಅವರ ಬೆನ್ನು ಹತ್ತಿದ್ದ ಒಂದಿಡೀ ತಲೆಮಾರನ್ನೂ ಕಂಡಿದ್ದರು.

ಅದೇ ರೇಸಿನಲ್ಲಿ ಹೋಂಡಾ ಏರಿದ್ದ ಒಬ್ಬ ಸವಾರ ಬಿದ್ದು, ಎದ್ದು, ಒಂಬತ್ತನೆಯವರಾಗಿ ಮುಗಿಸಿದರು. ಅವರು ಮಾರ್ಕ್ ಮಾರ್ಕೆಸ್. 2013ರಲ್ಲಿ 20ನೇ ವಯಸ್ಸಿಗೆ ಮೋಟೊಜಿಪಿ ಚಾಂಪಿಯನ್ನರಾಗಿ, 2014, 2016, 2017, 2018, 2019ರಲ್ಲೂ ಕಿರೀಟ ಹೊತ್ತವರು. 2019ರಲ್ಲಿ 420 ಅಂಕ ಗಳಿಸಿ ಎದುರಾಳಿಯೇ ಇಲ್ಲ ಎನ್ನುವಂತೆ ಮಾಡಿದ್ದರು. 2020ರ ಮೊದಲ ರೇಸಿನಲ್ಲೇ ಬಲಗೈ ಮೂಳೆ ಮುರಿಯಿತು. ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಬುದ್ಧ ಸರ್ಕ್ಯೂಟ್‌ಗೆ ಬಂದಾಗ ಅವರ ಕಾಲ ಮುಗಿಯಿತೆಂದು ನಂಬಿದವರೇ ಹೆಚ್ಚು. ಮರುವರ್ಷ ಅವರು ಖಾಸಗಿ ತಂಡವೊಂದರ ಹಳೆಯ ಡುಕಾಟಿ ಏರಿದರು. 2025ರಲ್ಲಿ ಕಾರ್ಖಾನೆ ತಂಡ ಸೇರಿ 11 ರೇಸ್, 14 ಚಿಕ್ಕ ರೇಸ್ ಗೆದ್ದು, ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ ವರ್ಷದ ಐದು ರೇಸ್‌ಗಳು ಬಾಕಿಯಿರುವಾಗಲೇ ಪಟ್ಟ ಮರಳಿ ಪಡೆದರು. ಎಲ್ಲ ದರ್ಜೆ ಸೇರಿ ಅದು ಅವರ ಒಂಬತ್ತನೇ ವಿಶ್ವ ಕಿರೀಟ. ನಡುವಿನ ವರ್ಷ, 2024ರಲ್ಲಿ, ಬನ್ಯಾಯಾ 11 ರೇಸ್ ಗೆದ್ದರೂ 10 ಅಂಕಗಳ ಅಂತರದಲ್ಲಿ ಮಾರ್ಟಿನ್‌ಗೆ ಪಟ್ಟ ಬಿಟ್ಟುಕೊಟ್ಟಿದ್ದರು.

ಈಗ ಮಾರ್ಕೆಸ್ ಅವರನ್ನು ಹಿಡಿಯುವವರು ಯಾರು? ಮೂರು ಹೆಸರುಗಳು ತೂಕದವು. ಅಕೋಸ್ಟಾ 2021ರಲ್ಲಿ ಮೋಟೊ3ಗೆ ಕಾಲಿಟ್ಟ ವರ್ಷವೇ ಚಾಂಪಿಯನ್ನರಾದವರು. ತಮ್ಮ ಎರಡನೇ ರೇಸನ್ನು ಪಿಟ್‌ನಿಂದ ಎಲ್ಲರ ಹಿಂದೆ ಹೊರಟು ಗೆದ್ದಿದ್ದರು. ಫರ್ಮಿನ್ ಆಲ್ಡೆಗೆರ್ 2005ರಲ್ಲಿ ಹುಟ್ಟಿದವರು, ಮೋಟೊಜಿಪಿಯ ಮೊದಲ ವರ್ಷದಲ್ಲೇ ಇಂಡೊನೇಷ್ಯಾದ ರೇಸ್ ಗೆದ್ದರು. ಬೆಜ್ಜೆಕ್ಕಿ ಅಪ್ರಿಲಿಯಾಗೆ ಹೋಗಿ 2025ರ ಅಂಕಪಟ್ಟಿಯಲ್ಲಿ ಮೂರನೆಯವರಾದರು, ವರ್ಷದ ಕೊನೆಯ ಎರಡು ರೇಸ್‌ಗಳೂ ಅವರವೇ. ವೇಗ ಮೂವರಿಗೂ ಇದೆ. ಬಿದ್ದೇ ಹೋಗಬೇಕಾದ ಬೈಕನ್ನು ಮೊಣಕೈ, ಮಂಡಿಗಳ ಮೇಲೆ ತಡೆದು ಎತ್ತಿ ನಿಲ್ಲಿಸುವ ವಿದ್ಯೆಯಲ್ಲಿ ಮಾತ್ರ ಮಾರ್ಕೆಸ್ ಅವರ ಸಮಕ್ಕೆ ಇನ್ನೂ ಯಾರೂ ಬಂದಿಲ್ಲ. 2027ರಿಂದ ಎಂಜಿನ್ 850 ಸಿಸಿಗೆ ಇಳಿಯಲಿದೆ. ಎಲ್ಲರೂ ಹೊಸ ಬೈಕ್ ಕಲಿಯಬೇಕಾದ ಆ ವರ್ಷ ಕಿರಿಯರಿಗೆ ಬಾಗಿಲು ತೆರೆದೀತು.

ಬೀಳುವ ಬೈಕನ್ನು ಎತ್ತಿ ನಿಲ್ಲಿಸುವ ಆ ವಿದ್ಯೆ ಬರುವುದು ಮಣ್ಣಿನಿಂದ. ಮಾರ್ಕೆಸ್ ಇಂದಿಗೂ ಮಣ್ಣಿನ ಟ್ರ್ಯಾಕ್‌ನಲ್ಲಿ ಅಭ್ಯಾಸ ಮಾಡುತ್ತಾರೆ. ಬನ್ಯಾಯಾ, ಬೆಜ್ಜೆಕ್ಕಿ ಇಬ್ಬರೂ ಇಟಲಿಯ ಮಾಜಿ ವಿಶ್ವ ಚಾಂಪಿಯನ್ ವಾಲೆಂಟಿನೊ ರೊಸ್ಸಿ ಅವರ ಅಕಾಡೆಮಿಯಲ್ಲಿ ಬೆಳೆದವರು. ತವುಲ್ಲಿಯಾ ಊರಿನ ಬಳಿ ರೊಸ್ಸಿ ಮಾಡಿಸಿದ ಮಣ್ಣಿನ ಟ್ರ್ಯಾಕೇ ಅಲ್ಲಿನ ಪಾಠಶಾಲೆ. ಮಣ್ಣಿನಲ್ಲಿ ಚಕ್ರ ಸದಾ ಜಾರುತ್ತಿರುತ್ತದೆ. ಜಾರುವ ಚಕ್ರವನ್ನು ಹೆದರದೆ ಹಿಡಿದುಕೊಳ್ಳುವುದು ಅಲ್ಲಿ ಕಡಿಮೆ ವೇಗದಲ್ಲಿ, ಕಡಿಮೆ ಪೆಟ್ಟಿನಲ್ಲಿ ರೂಢಿಯಾಗುತ್ತದೆ. ಏಳೆಂಟು ವರ್ಷದ ಮಕ್ಕಳು ಪುಟ್ಟ ಬೈಕಿನಲ್ಲಿ ತೊಡಗಿ, ರೆಡ್ ಬುಲ್ ರೂಕೀಸ್ ಕಪ್‌ನಂಥ ಕಿರಿಯರ ಸರಣಿಗಳನ್ನು ದಾಟಿ, 250 ಸಿಸಿಯ ಮೋಟೊ3, 765 ಸಿಸಿಯ ಮೋಟೊ2 ಏರಿ ಮೇಲಕ್ಕೆ ಬರುತ್ತಾರೆ. ಸ್ಪೇನ್, ಇಟಲಿಗಳಲ್ಲಿ ಈ ಏಣಿಯ ಒಂದು ಮೆಟ್ಟಿಲೂ ಮುರಿದಿಲ್ಲ. ಅಲ್ಲಿಂದಲೇ ಚಾಂಪಿಯನ್ನರು ಬರುವುದಕ್ಕೆ ಬೇರೆ ಗುಟ್ಟಿಲ್ಲ.

ಭಾರತದಲ್ಲಿ ಏಣಿಯಿದೆ, ಮೆಟ್ಟಿಲುಗಳು ದೂರ ದೂರ. ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವುದು ಮುಖ್ಯವಾಗಿ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈನ ಟ್ರ್ಯಾಕ್‌ನಲ್ಲಿ, 3.7 ಕಿಲೋಮೀಟರ್ ಉದ್ದದ್ದು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇನ್ನೂ ಚಿಕ್ಕದು. ಈ ಟ್ರ್ಯಾಕ್‌ಗಳ ಚಾಂಪಿಯನ್ ಎಂದರೆ ಬಹಳ ವರ್ಷ ಚೆನ್ನೈನ ಜಗನ್ ಕುಮಾರ್. ಟಿವಿಎಸ್ ತಂಡದ ಈ ಸವಾರನನ್ನು ಹಿಡಿಯುವುದೇ ಹೋಂಡಾದ ರಾಜೀವ್ ಸೇತು ಅವರಂಥ ಕಿರಿಯರ ಗುರಿಯಾಗಿತ್ತು. 2011ರಲ್ಲಿ ಶರತ್ ಕುಮಾರ್ 125 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಬುದ್ಧ ಸರ್ಕ್ಯೂಟ್‌ನ ರೇಸಿಗೆ ಚೆನ್ನೈನ ಕೆ.ವೈ. ಅಹಮದ್ ಅವರಿಗೆ ಮೋಟೊ3ಯಲ್ಲಿ ವೈಲ್ಡ್ ಕಾರ್ಡ್ ಸಿಕ್ಕಿತು. ವರ್ಷವಿಡೀ ಆ ಬೈಕ್‌ಗಳ ಮೇಲೆಯೇ ಬದುಕುವ ಹುಡುಗರ ಎದುರು ಒಂದು ವಾರಾಂತ್ಯಕ್ಕಾಗಿ ಬಂದವರ ಕಷ್ಟ ಎಂಥದ್ದೆಂದು ರೇಸ್ ಬಲ್ಲವರಿಗೆ ಗೊತ್ತು. ಆ ಅವಕಾಶ ಸಿಕ್ಕದ್ದೇ ದೊಡ್ಡದು.

ಮೊದಲ ಮೆಟ್ಟಿಲು ಕಟ್ಟುವ ಕೆಲಸ ಮಾಡಿದವರಲ್ಲಿ ಟಿವಿಎಸ್ ಹಳಬರು. ಕನ್ನಡವೂ ಕಿವಿಗೆ ಬೀಳುವ ಗಡಿಯೂರು ಹೊಸೂರಿನ ಈ ಕಂಪನಿಯ ರೇಸ್ ವಿಭಾಗ 1982ರಿಂದ ಇದೆ. ಎಲ್ಲರಿಗೂ ಒಂದೇ ಬಗೆಯ ಬೈಕ್ ಕೊಟ್ಟು ಓಡಿಸುವ ಅದರ ಸರಣಿ ಶುರುವಾದದ್ದು 1994ರಲ್ಲಿ. ಅದರಲ್ಲಿ ಹೊಸಬರಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ವಿಭಾಗಗಳಿವೆ. ಹೋಂಡಾ ಕಂಪನಿಯ ಟ್ಯಾಲೆಂಟ್ ಕಪ್‌ನಲ್ಲಿ ಹದಿಹರೆಯದ ಹುಡುಗರು ಮೋಟೊ3 ಮಾದರಿಯ 250 ಸಿಸಿ ಬೈಕನ್ನೇ ಏರಿದ್ದುಂಟು. ಬೈಕ್ ಒಂದೇ ಆದಾಗ ಗೆಲುವು ದುಡ್ಡಿನದ್ದಲ್ಲ, ಸವಾರನದ್ದು. ಪ್ರತಿಭೆ ಗುರುತಿಸಲು ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ.

ಕನ್ನಡಿಗರ ಕಥೆ ಇಲ್ಲಿ ಬೇರೆಯದೇ ಹಾದಿ ಹಿಡಿದಿದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್ ತಯಾರಿಸಿದ ನಾಡಿದು. ಆದರೂ ಅಂತರರಾಷ್ಟ್ರೀಯ ಮಟ್ಟದ ರೇಸ್ ಟ್ರ್ಯಾಕ್ ಕರ್ನಾಟಕದಲ್ಲಿ ಇಲ್ಲ. ಇರುವುದು ಮಣ್ಣು. ಮೋಟೊಕ್ರಾಸ್ ದಿಣ್ಣೆಗಳು, ಮಲೆನಾಡಿನ ಕಾಫಿ ತೋಟಗಳ ನಡುವಿನ ರ‍್ಯಾಲಿ ಹಾದಿಗಳು. ಅಲ್ಲಿಂದ ಎದ್ದುಬಂದವರು ಮರಳುಗಾಡಿನ ಡಕಾರ್ ರ‍್ಯಾಲಿಗೆ ಹೋದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿ ಮುಗಿಸಿದರು. ಬಿಗ್ ಬಾಸ್ ಮನೆಯಿಂದ ಅವರನ್ನು ಗುರುತಿಸುವವರಿಗೆ ಈ ಸಾಧನೆಯೂ ಗೊತ್ತಿರಬೇಕು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ರ‍್ಯಾಲಿಯಲ್ಲಿ ಬಿದ್ದು ಹೊಟ್ಟೆಯ ಒಳಭಾಗಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಮರುವರ್ಷವೇ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ರೊಸ್ಸಿಯ ಹುಡುಗರು ಕಲಿಯುವ ಮೊದಲ ಪಾಠ ಈ ಮೂವರಿಗೂ ಮನೆಯಂಗಳದಲ್ಲೇ ಸಿಕ್ಕಿತ್ತು. ಮಣ್ಣಿನಿಂದ ಡಾಂಬರಿಗೆ ದಾಟಿಸುವ ಮೆಟ್ಟಿಲು ಮಾತ್ರ ಕರ್ನಾಟಕದಲ್ಲಿಲ್ಲ. ಟ್ರ್ಯಾಕ್ ರೇಸ್ ಹಂಬಲದ ಬೆಂಗಳೂರಿನ ಮಗು ಇಂದಿಗೂ ಹೆಲ್ಮೆಟ್, ಚರ್ಮದ ಸೂಟು ಕಟ್ಟಿಕೊಂಡು ಚೆನ್ನೈ ದಾರಿ ಹಿಡಿಯಬೇಕು.

ಆ ದಾರಿ ಅಪಾಯದ್ದೂ ಹೌದು. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ರೇಸಿನಲ್ಲಿ ಬಿದ್ದು ತೀರಿಕೊಂಡ. ಬುದ್ಧ ಸರ್ಕ್ಯೂಟ್‌ನ ರೇಸಿಗೆ ಆಗ ಎರಡು ತಿಂಗಳೂ ಇರಲಿಲ್ಲ. 2021ರಲ್ಲಿ ಯುರೋಪಿನಲ್ಲಿ ಹದಿಹರೆಯದ ಸವಾರರು ಸಾಲಾಗಿ ಪ್ರಾಣ ಕಳೆದುಕೊಂಡ ಮೇಲೆ ವಿಶ್ವ ಚಾಂಪಿಯನ್‌ಷಿಪ್‌ಗೆ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಲಾಗಿದೆ. ಮೋಟೊಜಿಪಿಯಲ್ಲಿ 2018ರಿಂದ ಸೂಟಿನೊಳಗೆ ಏರ್‌ಬ್ಯಾಗ್ ಕಡ್ಡಾಯ. ಮಕ್ಕಳ ರೇಸಿಗೆ ಅಂಥ ಏರ್‌ಬ್ಯಾಗ್, ಚಿಕ್ಕ ಎಂಜಿನ್, ಒಟ್ಟಿಗೆ ಬಿಡುವ ಬೈಕ್‌ಗಳ ಸಂಖ್ಯೆಗೆ ಮಿತಿ, ಇವೆಲ್ಲ ಖರ್ಚಿನ ಲೆಕ್ಕ ನೋಡದೆ ಆಗಬೇಕಾದವು.

ಬುದ್ಧ ಸರ್ಕ್ಯೂಟ್‌ಗೆ ಮೋಟೊಜಿಪಿ ಮರಳಲಿಲ್ಲ. 2024ರ ರೇಸ್ ಮೊದಲು ಮುಂದಕ್ಕೆ ಹೋಗಿ, 2025ರ ಪಟ್ಟಿಯಲ್ಲೂ ಕಾಣಲಿಲ್ಲ.  ಆದರೆ ಹತ್ತು ವರ್ಷದ ಮಗು ಪುಟ್ಟ ಬೈಕ್ ಓಡಿಸಿ ಕಲಿಯಲು ಐದು ಕಿಲೋಮೀಟರ್‌ನ ಟ್ರ್ಯಾಕ್ ಬೇಕಿಲ್ಲ. ಕಾರ್ಟಿಂಗ್ ಟ್ರ್ಯಾಕಿನಷ್ಟು ಡಾಂಬರು, ಪಕ್ಕದಲ್ಲಿ ಅಂಡಾಕಾರಕ್ಕೆ ತಟ್ಟಿ ಸಮ ಮಾಡಿದ ಒಂದಷ್ಟು ಮಣ್ಣು, ಕಲಿಸಲು ಬಲ್ಲವರೊಬ್ಬರು, ಗೇಟಿನ ಬಳಿ ಆಂಬುಲೆನ್ಸ್ ಇದ್ದರೆ ಸಾಕು. ತವುಲ್ಲಿಯಾದ ಪಾಠಶಾಲೆಯಲ್ಲೂ ಮೂಲ ಬಂಡವಾಳ ಇದೇ.