‘ನಾಳೆ ಬಾ’ ಎಂದರೆ ಹಿಂಬರಹ ಕೇಳಿ

ದೆವ್ವ ಬರುತ್ತದೆಂದು ಊರಲ್ಲಿ ಗುಲ್ಲೆದ್ದಾಗ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುವ ರೂಢಿ ಹಿಂದೆ ಹಳ್ಳಿಗಳಲ್ಲಿತ್ತು. ಬಂದ ದೆವ್ವ ಅದನ್ನೋದಿ ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ. ಈಗ ದೆವ್ವಗಳ ಕಾಟ ಕಡಿಮೆಯಾಗಿದೆ. ಆ ಎರಡು ಪದ ಮಾತ್ರ ಬಾಗಿಲು ಬಿಟ್ಟು ಸರ್ಕಾರಿ ಕಚೇರಿಯ ಮೇಜಿಗೆ ಬಂದು ಕುಳಿತಿವೆ.

ಪಿಯುಸಿ ಫಲಿತಾಂಶ ಬಂದ ಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಾಡಕಚೇರಿಗೆ ಅಲೆಯುವ ತಂದೆ-ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೈಗೆ ಬರದಿದ್ದರೆ ಶುಲ್ಕ ವಿನಾಯಿತಿ ಇಲ್ಲ, ಹಾಸ್ಟೆಲ್ ಇಲ್ಲ, ವಿದ್ಯಾರ್ಥಿ ವೇತನವೂ ಇಲ್ಲ. ದಾಖಲಾತಿಯ ಕೊನೆಯ ದಿನ ಯಾರಿಗಾಗಿಯೂ ಕಾಯುವುದಿಲ್ಲ. ಒಂದು ಸಹಿ ತಡವಾದರೆ ಒಂದು ಮಗುವಿನ ಇಡೀ ವರ್ಷವೇ ಹೋಗಬಹುದು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತಂದ ರೈತ, ತನ್ನ ಲಾಟಿನ ನಂಬರು ತಿಳಿಯದೆ ಮಾಲನ್ನು ಅಲ್ಲಿ ಬಿಟ್ಟು ಕಾಫಿಗೆ ಹೋಗುವುದಿಲ್ಲ. ಅದೇ ರೈತ ತಾಲ್ಲೂಕು ಕಚೇರಿಯಲ್ಲಿ ಮಗಳ ಅರ್ಜಿಯನ್ನು ಯಾರದೋ ಕೈಗಿತ್ತು, ಚೀಟಿಯನ್ನೂ ಕೇಳದೆ ಕೈಮುಗಿದು ಬರುತ್ತಾನೆ. ತೊಡಕು ಶುರುವಾಗುವುದೇ ಇಲ್ಲಿಂದ. ಕೊಟ್ಟದ್ದಕ್ಕೆ ಪುರಾವೆಯೇ ಇಲ್ಲದ ಅರ್ಜಿಯ ಬಗ್ಗೆ ಯಾವ ಅಧಿಕಾರಿಯನ್ನು ಯಾರು ಏನೆಂದು ಕೇಳುವುದು?

ಕರ್ನಾಟಕದಲ್ಲಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಈ ಚೀಟಿಗೆ ಬೆಲೆ ತಂದಿತು. ಅರ್ಜಿ ಕೊಟ್ಟೊಡನೆ ಹದಿನೈದು ಅಂಕಿಗಳ ಸಂಖ್ಯೆ ಇರುವ ಸ್ವೀಕೃತಿ ಸಿಗಬೇಕು. ಕೆಲಸ ಎಷ್ಟು ದಿನಗಳಲ್ಲಿ ಮುಗಿಯಬೇಕೆಂಬುದು ಆ ಸೇವೆಗೆ ಮೊದಲೇ ಗೊತ್ತಾಗಿರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದೇ. ಆದರೆ ಅದನ್ನು ತಡಮಾಡಿದ ನೌಕರನ ಸಂಬಳದಿಂದ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಇನ್ನು ಅರ್ಜಿಯನ್ನು ತಿರಸ್ಕರಿಸುವುದಾದರೆ ಬಾಯಲ್ಲಿ ಹೇಳಿ ಕಳಿಸಿದರೆ ಸಾಲದು, ಕಾರಣ ಕೊಟ್ಟು ಬರೆದು ತಿಳಿಸಬೇಕು. ಕಚೇರಿಯ ಭಾಷೆಯಲ್ಲಿ ಅದೇ ‘ಹಿಂಬರಹ’. ‘ಆಗಲ್ಲ ಹೋಗ್ರಿ’ ಎಂದು ಗದರುವುದು ಸುಲಭ. ಹಾಗೆಂದು ಬರೆದು, ತಾರೀಖು ಹಾಕಿ, ಸಹಿ ಮಾಡುವುದು ಸುಲಭವಲ್ಲ.

ಈ ಸೀಮೆಯಲ್ಲಿ ಇನ್ನೊಂದು ರೂಢಿ ಬಲವಾಗಿದೆ: ಕಾಯ್ದೆಗಿಂತ ನಾಯಕರನ್ನು ನಂಬುವುದು. ಅದಕ್ಕೆ ಕಾರಣವೂ ಇದೆ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ – ಈ ನಾಲ್ವರು ಮುಖ್ಯಮಂತ್ರಿಗಳೂ ಒಂದಲ್ಲ ಒಂದು ಸಲ ರಾಮನಗರ, ಕನಕಪುರ ಅಥವಾ ಚನ್ನಪಟ್ಟಣದಿಂದ ಆರಿಸಿ ಹೋದವರು. ಹೀಗಾಗಿ ಪಿಂಚಣಿ ನಿಂತರೂ, ಪಹಣಿಯಲ್ಲಿ ಹೆಸರು ತಪ್ಪಾದರೂ ಜನ ಮೊದಲು ಓಡುವುದು ಮುಖಂಡರ ಮನೆಗೆ. ಶಿಫಾರಸಿನಿಂದ ಕೆಲಸವಾದೀತು, ಆದರೆ ಹಕ್ಕಾಗಿ ಬರಬೇಕಾದದ್ದು ಉಪಕಾರವಾಗಿ ಬಿಡುತ್ತದೆ. ಉಪಕಾರ ಪಡೆದವನು ನಾಳೆ ಲೆಕ್ಕ ಕೇಳುವುದು ಹೇಗೆ?

ಸೋಜಿಗವೆಂದರೆ, ಲೆಕ್ಕ ಕೇಳುವ ಕಾಯ್ದೆಯ ಹಿಂದೆಯೂ ಇದೇ ನಾಯಕರಲ್ಲಿ ಇಬ್ಬರಿದ್ದಾರೆ. ಕೇಂದ್ರದಲ್ಲಿ ಲೋಕಪಾಲ, ರಾಜ್ಯಗಳಲ್ಲಿ ಲೋಕಾಯುಕ್ತ ಇರಬೇಕೆಂದು 1966ರಲ್ಲಿ ಶಿಫಾರಸು ಮಾಡಿದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಆಗ ಮೊರಾರ್ಜಿ ದೇಸಾಯಿ ಅಧ್ಯಕ್ಷರು, ಹನುಮಂತಯ್ಯನವರು ಸದಸ್ಯರು. ಮರುವರ್ಷ ಅವರೇ ಅಧ್ಯಕ್ಷರಾದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ ಹೊತ್ತ ವಿಧಾನಸೌಧ ಕಟ್ಟಿಸಿದವರೂ ಅವರೇ. 1983ರಲ್ಲಿ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆ ಪ್ರವೇಶಿಸಿದ ಹೆಗಡೆಯವರ ಸರ್ಕಾರ 1984ರ ಲೋಕಾಯುಕ್ತ ಕಾಯ್ದೆಯನ್ನು ತಂದಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಗಣಿ ವರದಿಯ ಬೆನ್ನಿಗೇ ಮುಖ್ಯಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಮೊಟಕು ಮಾಡಿದಾಗ ವಕೀಲರ ಸಂಘವೂ ಸಮಾಜ ಪರಿವರ್ತನ ಸಮುದಾಯವೂ ಹೈಕೋರ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ಆ ದಳವನ್ನು ರದ್ದು ಮಾಡಿತು.

ಲೋಕಾಯುಕ್ತಕ್ಕೆ ದೂರು ಕೊಡಲು ವಕೀಲರೇ ಬೇಕೆಂದಿಲ್ಲ. ನಿಗದಿತ ನಮೂನೆ, ಜೊತೆಗೆ ಒಂದು ಪ್ರಮಾಣಪತ್ರ ಇದ್ದರಾಯಿತು. ಕೆಲಸ ಮಾಡಿಕೊಡದೆ ಸತಾಯಿಸಿದ ಕುಂದುಕೊರತೆಯಾದರೆ ವಿಷಯ ತಿಳಿದ ಆರು ತಿಂಗಳೊಳಗೆ ದೂರಬೇಕು. ಭ್ರಷ್ಟಾಚಾರದಂಥ ಆರೋಪಕ್ಕೆ ಐದು ವರ್ಷಗಳ ಮಿತಿ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆಯೂ ಉಂಟು. ಲಂಚ ಕೊಟ್ಟವರು ತಿಳಿದಿರಬೇಕಾದ ಸಂಗತಿಯೊಂದಿದೆ. 2018ರ ತಿದ್ದುಪಡಿಯ ನಂತರ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಪಾರು.

ದೂರಿನಿಂದ ಫಲವಿದೆಯೇ? ಬಿಡದಿ ಬಳಿಯ ಕೇತಗಾನಹಳ್ಳಿಯನ್ನು ನೋಡಬಹುದು. ಅಲ್ಲಿ ಸರ್ಕಾರಿ ಜಮೀನು ಒತ್ತುವರಿಯಾಗಿದೆ ಎಂದು ಮಂಡ್ಯದ ಹಿರಿಯ ರಾಜಕಾರಣಿ ಜಿ. ಮಾದೇಗೌಡರು ದೂರಿದ್ದರು. ಲೋಕಾಯುಕ್ತದ ಆದೇಶ ಬಂದದ್ದು 2014ರಲ್ಲಿ. ಅದು ಪಾಲನೆಯಾಗಿಲ್ಲವೆಂದು ಸಮಾಜ ಪರಿವರ್ತನ ಸಮುದಾಯ ಹೈಕೋರ್ಟಿನ ಮೆಟ್ಟಿಲೇರಿತು, 2020ರಲ್ಲಿ ನ್ಯಾಯಾಂಗ ನಿಂದನೆ ಅರ್ಜಿಯನ್ನೂ ಹಾಕಿತು. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿದ್ದು 2025ರ ಜನವರಿಯಲ್ಲಿ. ಆರೋಪ ಅಲ್ಲಗಳೆದವರೂ ನ್ಯಾಯಾಲಯದ ಬಾಗಿಲು ತಟ್ಟಿದರು. ಸರಿ-ತಪ್ಪಿನ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಆದೇಶವಾಗಿ ಹತ್ತು ವರ್ಷ ಕಳೆದರೂ ಕಡತಕ್ಕೆ ಜೀವವಿತ್ತೆಂದರೆ, ಹಳೆಯ ದೂರು, ಆದೇಶ, ಪತ್ರಗಳನ್ನು ಕೆಲವರು ಜೋಪಾನವಾಗಿಟ್ಟು ಬೆನ್ನು ಹತ್ತಿದ್ದರಿಂದಲೇ.

ಇಷ್ಟು ದೂರ ಹೋಗಲು ಎಲ್ಲರಿಗೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ಹತ್ತು ರೂಪಾಯಿಯ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ‘ಏಕೆ ಕೆಲಸ ಮಾಡಲಿಲ್ಲ’ ಎಂದು ಜಗಳದ ಧಾಟಿಯಲ್ಲಿ ಬರೆದರೆ ಉತ್ತರ ಬಾರದು, ಕೇಳಬೇಕಾದದ್ದು ದಾಖಲೆಯನ್ನು. ಇಂಥ ದಿನ ಕೊಟ್ಟ ಅರ್ಜಿಯ ಮೇಲೆ ದಿನವಹಿ ಏನು ಕ್ರಮವಾಯಿತು, ಕಡತ ಯಾವ ಹುದ್ದೆಯವರ ಮೇಜಿನಲ್ಲಿ ಎಷ್ಟು ದಿನ ಇತ್ತು, ಟಿಪ್ಪಣಿ ಹಾಳೆಗಳ ನಕಲು ಕೊಡಿ – ಇಷ್ಟೇ ಸಾಕು. ಎಷ್ಟೋ ಸಲ ಈ ಪ್ರಶ್ನೆ ತಲುಪುತ್ತಲೇ ಪ್ರಮಾಣಪತ್ರ ಸಿದ್ಧವಾಗಿಬಿಡುತ್ತದೆ.

ಈ ಅರ್ಜಿ ಹಾಕಲು ಕಾಯ್ದೆ ವಯಸ್ಸಿನ ಮಿತಿ ಹೇರಿಲ್ಲ. ಗಾಂಧೀಜಿಯವರಿಗೆ ‘ರಾಷ್ಟ್ರಪಿತ’ ಎಂಬ ಬಿರುದು ಯಾವ ಆದೇಶದಿಂದ ಬಂತೆಂದು 2012ರಲ್ಲಿ ಕೇಂದ್ರ ಸರ್ಕಾರವನ್ನು ಕೇಳಿದ್ದು ಲಖನೌದ ಶಾಲಾ ಬಾಲಕಿ. ಅಂಥ ದಾಖಲೆ ಇಲ್ಲವೆಂಬ ಉತ್ತರ ಅವಳ ಮನೆಗೆ ಬಂತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ. ಶಾಲೆಯ ಪ್ರಬಂಧಕ್ಕಿಂತಲೂ ಚಿಕ್ಕದು. ಎರಡು ಪ್ರತಿ ಬರೆದು, ಒಂದರ ಮೇಲೆ ಕಚೇರಿಯ ಮೊಹರು, ಸಹಿ, ತಾರೀಖು ಹಾಕಿಸಿಕೊಂಡು ಮನೆಗೆ ತರಬೇಕು. ಮೂವತ್ತನೆಯ ದಿನದವರೆಗೂ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದಕ್ಕೆ ಇರುವುದು ಮತ್ತೆ 30 ದಿನಗಳ ಅವಧಿ. ಲೆಕ್ಕ ಶುರುವಾಗುವುದು ಆ ಮೊಹರಿನ ತಾರೀಖನ್ನು ನೋಡಿಯೇ.